ಸ್ಟೈಲ್‌ನೆಸೆಟ್ ಸ್ಮಾರಕ

ನಾರ್ವೆಯ ಈಶಾನ್ಯ ಅಂಚಿನ ವಾರ್ಡೊ ಪಟ್ಟಣದಲ್ಲಿ, ಬ್ಯಾರೆಂಟ್ಸ್ ಸಮುದ್ರದ ದಂಡೆಯಲ್ಲಿರುವ ಸ್ಮಾರಕ. 17ನೆಯ ಶತಮಾನದಲ್ಲಿ ಫಿನ್‌ಮಾರ್ಕ್ ಪ್ರಾಂತದಲ್ಲಿ ಮಾಟ ಮಾಡಿದರೆಂಬ ಆರೋಪಕ್ಕೆ ಬಲಿಯಾದ 91 ಜನರ ನೆನಪಿಗೆ ಕಟ್ಟಿದ್ದು. ಇವರಲ್ಲಿ 77 ಮಂದಿ ಹೆಂಗಸರು. 14 ಗಂಡಸರಲ್ಲಿ ಹೆಚ್ಚಿನವರು ಸಾಮಿ ಸಮುದಾಯದವರು. ಆರೋಪಿಗಳಲ್ಲಿ ಹಲವರನ್ನು ಕಟ್ಟಿ ಕೊರೆಯುವ ಕಡಲಿಗೆ ಎಸೆಯುತ್ತಿದ್ದರು. ತೇಲಿದರೆ ಅಪರಾಧಿ. ನ್ಯಾಯದ ಹೆಸರಿನಲ್ಲಿ ನಡೆದ ಶುದ್ಧ ಕ್ರೌರ್ಯವಿದು.

ಸ್ವಿಸ್ ವಾಸ್ತುಶಿಲ್ಪಿ ಪೀಟರ್ ಜುಮ್ಥೋರ್ ಇಲ್ಲಿ 125 ಮೀಟರ್ ಉದ್ದದ ಕಿರಿದಾದ ಓಣಿಯೊಂದನ್ನು ರೂಪಿಸಿದ್ದಾರೆ. ಆ ತೀರದಲ್ಲಿ ಮೀನು ಒಣಗಿಸಲು ನಿಲ್ಲಿಸುವ ಮರದ ಚೌಕಟ್ಟುಗಳನ್ನು ನೆನಪಿಸುವ ಕಟ್ಟಡ. ಒಳಗೆ ಹಾಯಿಬಟ್ಟೆಯ ಗೋಡೆ. ತಲೆಗೊಂದರಂತೆ 91 ಪುಟ್ಟ ಕಿಟಕಿಗಳು, ಪ್ರತಿಯೊಂದರಲ್ಲೂ ಒಂದು ಬಲ್ಬು. ಪಕ್ಕದಲ್ಲೇ ಆ ವ್ಯಕ್ತಿಯ ಹೆಸರು, ಹೊರಿಸಿದ ಆರೋಪ, ಕೊಟ್ಟ ಶಿಕ್ಷೆ. ನ್ಯಾಯಾಲಯದ ಕಡತಗಳನ್ನು ಶೋಧಿಸಿ ಈ ಬರಹಗಳನ್ನು ಸಿದ್ಧಪಡಿಸಿದವರು ಇತಿಹಾಸಕಾರ್ತಿ ಲಿವ್ ಹೆಲೆನೆ ವಿಲ್ಲುಮ್‌ಸೆನ್. ಸಂಖ್ಯೆಯಾಗಿ ಉಳಿದವರನ್ನು ಮನುಷ್ಯರಾಗಿ ಕಾಣಿಸುವ ಈ ಬರಹಗಳೇ ಸ್ಮಾರಕದ ಜೀವಾಳ.

ಬದಿಯ ಗಾಜಿನ ಕೋಣೆಯಲ್ಲಿ ಉರಿಯುವ ಉಕ್ಕಿನ ಕುರ್ಚಿ, ಸುತ್ತ ಕನ್ನಡಿಗಳು. ಇದು ಶಿಲ್ಪಿ ಲೂಯಿಸ್ ಬೂರ್ಜ್ವಾರ ಕೊನೆಯ ದೊಡ್ಡ ಕೃತಿಗಳಲ್ಲೊಂದು. ಅವರು 2010ರಲ್ಲಿ ತೀರಿಕೊಂಡರು. ಮರುವರ್ಷ ಜೂನ್ 23ರಂದು ರಾಣಿ ಸೋನ್ಯಾ ಸ್ಮಾರಕವನ್ನು ಉದ್ಘಾಟಿಸಿದರು.