ನಡುವೆ ಒಂದು ಬಿಳಿ ಗೆರೆ

ಮೊನ್ನೆ ತರಗತಿಯಲ್ಲಿ ಯಾವುದೋ ಮಾತಿಗೆ, ‘ಹಿಂದೆಲ್ಲ ಟಿ.ವಿ.ಯ ತಲೆಗೆ ಒಂದೇಟು ಹಾಕಿದರೆ ಸರಿಹೋಗುತ್ತಿತ್ತು’ ಎಂದೆ. ಮಕ್ಕಳು ಗೊಳ್ಳೆಂದು ನಕ್ಕರು. ಗೋಡೆಗೆ ತೂಗುಹಾಕಿದ ಪಟದಂತಿರುವ ಈಗಿನ ಟಿ.ವಿ.ಗೆ ತಲೆಯಾದರೂ ಎಲ್ಲಿದೆ? ಒಬ್ಬ ಹುಡುಗಿ ಮಾತ್ರ, ‘ಹೊಡೆದರೆ ಯಾಕೆ ಸರಿಹೋಗುತ್ತಿತ್ತು ಮಿಸ್?’ ಎಂದು ಕೇಳಿದಳು. ನಾನು ಇತಿಹಾಸ ಪಾಠ ಮಾಡುವವಳು. ಆದರೆ ಈ ಪ್ರಶ್ನೆಗೆ ಉತ್ತರ ನಮ್ಮ ಮನೆಯ ಇತಿಹಾಸದಲ್ಲೇ ಇತ್ತು.

ನಮ್ಮ ದೇಶದಲ್ಲಿ ಟಿ.ವಿ. ಪ್ರಸಾರ ಶುರುವಾದದ್ದು 1959ರ ಸೆಪ್ಟೆಂಬರ್ 15ರಂದು, ದಿಲ್ಲಿಯಲ್ಲಿ, ಪ್ರಯೋಗವಾಗಿ. ಕರ್ನಾಟಕದಲ್ಲಿ ಅದನ್ನು ಮೊದಮೊದಲು ಕಂಡವರಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಯವರಿದ್ದರು ಎಂದರೆ ನಿಮಗೆ ಆಶ್ಚರ್ಯವಾದೀತು. 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದಿಂದ ಎರವಲು ಪಡೆದ ಉಪಗ್ರಹದ ಮೂಲಕ, 6 ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಬೇಸಾಯ, ಆರೋಗ್ಯ, ಶಿಕ್ಷಣದ ಕಾರ್ಯಕ್ರಮಗಳು ಬಂದವು. ವರ್ಷ ಮುಗಿದ ಮೇಲೆ ಎರವಲು ತಂದದ್ದು ಹಿಂದಕ್ಕೆ ಹೋಯಿತು. ಬೆಂಗಳೂರು ದೂರದರ್ಶನ 1981ರಲ್ಲಿ ಆರಂಭವಾಯಿತು. 1983ರಲ್ಲಿ ನಮ್ಮದೇ ಇನ್‌ಸ್ಯಾಟ್-1ಬಿ ಮೇಲೇರಿದ ನಂತರ, ನಮ್ಮಂಥ ಊರುಗಳಲ್ಲೂ ಚಿಕ್ಕ ಚಿಕ್ಕ ಮರುಪ್ರಸಾರ ಕೇಂದ್ರಗಳು ಎದ್ದವು.

ನಮ್ಮ ಮನೆಗೆ ಟಿ.ವಿ. ಬಂದದ್ದು 1986ರಲ್ಲಿ. ಅಪ್ಪ ಪಿ.ಎಫ್. ಸಾಲ ತೆಗೆದು ತಂದ 20 ಅಂಗುಲದ ಕಪ್ಪು-ಬಿಳುಪಿನ ಸೆಟ್ಟು. ನಾಲ್ಕು ಕಾಲು, ಎಳೆದು ಮುಚ್ಚುವ ಮರದ ಶಟರು. ಅಮ್ಮ ಅದಕ್ಕೆ ಕ್ರೋಶಾ ಹಾಕಿ, ಹಿಂಬದಿಯವರೆಗೂ ಇಳಿಬೀಳುವ ಹೊದಿಕೆ ಹೆಣೆದಳು.

1987ರ ಜನವರಿ 25ರಿಂದ ಭಾನುವಾರ ಬೆಳಿಗ್ಗೆ ‘ರಾಮಾಯಣ’ ಶುರುವಾಯಿತಲ್ಲ, ಆ ದಿನಗಳು ನಿಮಗೂ ನೆನಪಿರಬಹುದು. ನಮ್ಮ ಬಾಗಿಲಲ್ಲಿ ಚಪ್ಪಲಿಗಳ ರಾಶಿ, ಒಳಗೆ ಅರ್ಧ ಬೀದಿ. ಹಿಂದಿ ಬಾರದಿದ್ದರೂ ಕಥೆ ಬಾರದವರು ಯಾರಿದ್ದರು? ಅಮ್ಮ ಎಲ್ಲರಿಗೂ ಅವಲಕ್ಕಿ, ಕಾಫಿ ಕೊಟ್ಟು ಅಡುಗೆಮನೆಯ ಹೊಸ್ತಿಲಲ್ಲಿ ನಿಂತೇ ನೋಡುತ್ತಿದ್ದಳು.

ಕೆಲವು ತಿಂಗಳು ಕಳೆದವು. ಒಂದು ಭಾನುವಾರ, ಕಥೆ ರಂಗೇರಿದ ಹೊತ್ತಿಗೆ, ಚಿತ್ರ ಮೇಲಿನಿಂದಲೂ ಕೆಳಗಿನಿಂದಲೂ ಮಡಚಿಕೊಂಡು ನಡುವೆ ಒಂದು ಬಿಳಿ ಗೆರೆಯಾಯಿತು. ಮಾತು ಮಾತ್ರ ಕೇಳುತ್ತಲೇ ಇತ್ತು. ಚಿಕ್ಕಪ್ಪ ಎದ್ದು ಸೆಟ್ಟಿನ ತಲೆಗೊಂದು ಏಟು ಕೊಟ್ಟರು. ರಾಮ ಸೀತೆಯರು ಮತ್ತೆ ಕಾಣಿಸಿದರು. ಅಲ್ಲಿಂದ ಮುಂದೆ ವಾರವಾರವೂ ಇದೇ ಪಾಡಾಯಿತು.

ರೇಡಿಯೋ ರಿಪೇರಿಯ ಸಾಬರು ಬಂದರು. ಅವರು ಬಂದ ದಿನ ಸೆಟ್ಟು ಗಂಟೆಗಟ್ಟಲೆ ಚೆನ್ನಾಗಿ ನಡೆಯಿತು. ವೈದ್ಯರನ್ನು ಕಂಡ ಕೂಡಲೇ ಹಲ್ಲುನೋವು ಮಾಯವಾಗುತ್ತದಲ್ಲ, ಹಾಗೆ. ತಳ್ಳುಗಾಡಿಯಲ್ಲಿ ಅಂಗಡಿಗೆ ಒಯ್ದು 8 ದಿನ ಇಟ್ಟುಕೊಂಡರು. ಅಲ್ಲಿಯೂ ಒಮ್ಮೆಯಾದರೂ ಗೆರೆ ಬರಲಿಲ್ಲ. ಮನೆಗೆ ಬಂದ ಮರುದಿನವೇ ಬಂತು. ದೃಷ್ಟಿಯಾಗಿದೆ ಎಂದು ಪಕ್ಕದ ಮನೆಯಜ್ಜಿ ನಿಂಬೆಹಣ್ಣು ನಿವಾಳಿಸಿಯೂ ಆಯಿತು.

ಮೂರನೆಯ ಸಲ ಬಂದಾಗ ಸಾಬರು ಸೆಟ್ಟಿಗೆ ಕೈ ಹಾಕಲಿಲ್ಲ, ಕುಳಿತು ವಿಚಾರಿಸಿದರು. ‘ಆಂಟೆನಾ ದೋಷವಾದ್ರೆ ಅಕ್ಕಿ ಚೆಲ್ಲಿದಂಗೆ ಚುಕ್ಕಿ ಬರ್ತವೆ. ಕರೆಂಟು ಕಮ್ಮಿಯಾದ್ರೆ ಚಿತ್ರ ನಾಲ್ಕೂ ಕಡೆ ಕುಗ್ತದೆ. ಇದು ಎರಡೂ ಅಲ್ಲ. ಎಷ್ಟೊತ್ತು ಓಡಿದ ಮೇಲೆ ಹಿಂಗಾಗ್ತದೆ ಸಾರ್?’ ಅಪ್ಪ ‘ಆಗಾಗ’ ಎಂದರು. ಚಿಕ್ಕಪ್ಪ ‘ಅದಕ್ಕೆ ಮನಸ್ಸು ಬಂದಾಗ’ ಎಂದರು.

ಆಗ ಅಮ್ಮ ಅಡುಗೆಮನೆಯಿಂದ ಕ್ಯಾಲೆಂಡರು ತಂದು ಸಾಬರ ಮುಂದೆ ಇಟ್ಟಳು. ಹಾಲಿನ ಲೆಕ್ಕದ ಪಕ್ಕದಲ್ಲೇ ಪೆನ್ಸಿಲಿನಲ್ಲಿ ಬರೆದಿದ್ದಳು: ‘ಭಾನು, 9ಕ್ಕೆ ಹಾಕಿದ್ದು, 9.45ಕ್ಕೆ ಗೆರೆ. ಬುಧ, ಮಳೆ, ಥಂಡಿ, ಗೆರೆ ಇಲ್ಲ. ಶುಕ್ರ, ಕಿಟಕಿ ಮುಚ್ಚಿತ್ತು, ಅರ್ಧ ಗಂಟೆಗೇ ಗೆರೆ. ಹೊದಿಕೆ ಪೂರಾ ತೆಗೆದ ದಿನ ತಡ.’

ಸಾಬರು ಎರಡು ಸಲ ಓದಿದರು. ‘ಬಿಸಿ!’ ಎಂದರು. ಅಂಗಡಿಯಲ್ಲಿ ಅವರು ಹಿಂದಿನ ಮುಚ್ಚಳ ತೆಗೆದಿಟ್ಟೇ ಸೆಟ್ಟು ಓಡಿಸಿದ್ದರು. ಒಳಗೆ ಗಾಳಿಯಾಡಿ ತಂಪಾಗಿದ್ದರಿಂದ ದೋಷ ಅಡಗಿ ಕುಳಿತಿತ್ತು.

ಅಂದು ಅವರು ಹೇಳಿದ್ದಕ್ಕೆ ಆಮೇಲೆ ಪುಸ್ತಕದಲ್ಲಿ ಓದಿದ್ದನ್ನು ಸೇರಿಸಿ ಹೇಳುತ್ತೇನೆ. ಟಿ.ವಿ.ಯ ಗಾಜಿನ ಕೊಳವೆ ಜರ್ಮನಿಯ ಕಾರ್ಲ್ ಫರ್ಡಿನಾಂಡ್ ಬ್ರೌನ್ 1897ರಲ್ಲಿ ಮಾಡಿದ ಕೊಳವೆಯ ವಂಶದ್ದು. ಅದರೊಳಗಿನ ಎಲೆಕ್ಟ್ರಾನುಗಳ ಕಿರಣ, ಮಗು ಸ್ಲೇಟಿನ ಮೇಲೆ ಬರೆದಂತೆ, ಎಡದಿಂದ ಬಲಕ್ಕೆ ಸಾಲಿನ ಕೆಳಗೆ ಸಾಲು ಬರೆಯುತ್ತಾ ಇಳಿಯುತ್ತದೆ. ಒಂದು ಚಿತ್ರಕ್ಕೆ 625 ಸಾಲು, ಸೆಕೆಂಡಿಗೆ 25 ಚಿತ್ರ. ಕಿರಣವನ್ನು ಅಡ್ಡಕ್ಕೆ ಓಡಿಸಲು ಒಂದು ಸರ್ಕಿಟ್ಟು, ಕೆಳಕ್ಕೆ ಇಳಿಸಲು ಇನ್ನೊಂದು. ಇಳಿಸುವ ಸರ್ಕಿಟ್ಟು ಕೈಕೊಟ್ಟರೆ ಮಗು ಎಲ್ಲವನ್ನೂ ಒಂದೇ ಸಾಲಿನ ಮೇಲೆ ಗೀಚಿದಂತೆ. ಅದೇ ನಮ್ಮ ಬಿಳಿ ಗೆರೆ. ಧ್ವನಿಯ ದಾರಿ ಬೇರೆ, ಹಾಗಾಗಿ ಮಾತಿಗೆ ತೊಂದರೆಯಿಲ್ಲ.

ಸೆಟ್ಟು ಕಾಯಿಸಿ ಗೆರೆ ಬರಿಸಿದರು. ಒಂದೇ ಕಡೆ ಬೆಳಕು ಬಿದ್ದು ಪರದೆ ಸುಡದಿರಲೆಂದು ಬೆಳಕನ್ನು ತಗ್ಗಿಸಿ ಹಿಂಬದಿಯನ್ನು ಬಿಚ್ಚಿದರು. ಕೊಳವೆಗೆ ಹೋಗುವ ವಿದ್ಯುತ್ತು 15,000 ವೋಲ್ಟಿನ ಆಸುಪಾಸು, ಆರಿಸಿದ ಮೇಲೂ ಕೊಂಚ ಹೊತ್ತು ಉಳಿದಿರುತ್ತದೆ ಎಂದು ನಮ್ಮನ್ನು ದೂರ ಕೂರಿಸಿದರು. ಹಿಂದೆ ಕೆಲಸ ಮಾಡುತ್ತಲೇ ಮುಂದಿನ ಚಿತ್ರ ಅವರಿಗೆ ಕಾಣಬೇಕಲ್ಲ, ಅದಕ್ಕೆ ಅಮ್ಮನ ಕನ್ನಡಿಯನ್ನು ಎದುರಿಗೆ ಹಿಡಿದು ನಿಲ್ಲುವ ಕೆಲಸ ನನಗೆ. ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯಿಂದ ಒಂದೊಂದೇ ಭಾಗವನ್ನು ತಂಪು ಮಾಡುತ್ತಾ ಹೋದರು. ಒಂದು ಕಡೆ ಮುಟ್ಟಿದ್ದೇ ತಡ, ಕನ್ನಡಿಯಲ್ಲಿ ಚಿತ್ರ ಬಿಚ್ಚಿಕೊಂಡಿತು. ಆರಿಸಿ, ಭೂತಗನ್ನಡಿಯಲ್ಲಿ ನೋಡಿದರೆ, ಬೆಸುಗೆಯ ಒಂದು ಚುಕ್ಕೆಯ ಸುತ್ತ ಕೂದಲಿನಷ್ಟು ಸಣ್ಣ ಬಿರುಕು! ಕಾದಾಗ ಹಿಗ್ಗಿ ಬಿಡುತ್ತಿತ್ತು, ತಣಿದಾಗ ಕೂಡುತ್ತಿತ್ತು. ಚಿಕ್ಕಪ್ಪನ ಏಟಿಗೆ ಅದುರಿ ತುಸು ಹೊತ್ತು ಅಂಟಿಕೊಳ್ಳುತ್ತಿತ್ತು, ಅಷ್ಟೇ. ಏಟು ರೋಗಕ್ಕೆ ಮದ್ದಾಗಿರಲಿಲ್ಲ.

ಬೆಸುಗೆ ಹಾಕಲು ಒಂದು ನಿಮಿಷವೂ ಹಿಡಿಯಲಿಲ್ಲ. ಸಾಬರು 15 ರೂಪಾಯಿ ತೆಗೆದುಕೊಂಡು, ‘ಅರ್ಧ ಕೆಲಸ ಅಕ್ಕಾರೇ ಮಾಡಿಟ್ಟಿದ್ರು’ ಎಂದು ಹೇಳಿಹೋದರು. ಅಮ್ಮ ತನ್ನ ಹೊದಿಕೆಯನ್ನು ಬಿಚ್ಚಿ, ಹಿಂಬದಿಯ ತೂತುಗಳು ಮುಚ್ಚದಂತೆ ಮೋಟು ಮಾಡಿ ಹೆಣೆದಳು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ಅದೇ ವರ್ಷಗಳಲ್ಲಿ ಅಮ್ಮನಿಗೂ ಆಗಾಗ ತಲೆ ಸುತ್ತುತ್ತಿತ್ತು. ಒಲೆಯ ಕಟ್ಟೆ ಹಿಡಿದು ಒಂದು ಗಳಿಗೆ ಕಣ್ಣುಮುಚ್ಚಿ ನಿಲ್ಲುವಳು, ಮತ್ತೆ ಲಟ್ಟಣಿಗೆ ಹಿಡಿಯುವಳು. ಡಾಕ್ಟರ ಮುಂದೆ ಕೂತಾಗ ಎಲ್ಲವೂ ಸರಿ. ‘ಆಯಾಸ, ಇನ್ನೇನಿಲ್ಲ’ ಎಂದು ಅವರೂ ಹೇಳಿದರು, ನಾವೂ ನಂಬಿದೆವು. ಟಿ.ವಿ.ಯ ಗೆರೆ ಯಾವಾಗ ಬರುತ್ತದೆಂದು ಗುರುತು ಹಾಕಿದವಳು ತನ್ನ ತಲೆಸುತ್ತನ್ನು ಕ್ಯಾಲೆಂಡರಿನಲ್ಲಿ ಬರೆಯಲಿಲ್ಲ. ನಮ್ಮಲ್ಲಿ ಒಬ್ಬರೂ ‘ಯಾವಾಗ ಬರುತ್ತದಮ್ಮಾ?’ ಎಂದು ಕೇಳಲಿಲ್ಲ.

ನಾನು ಬಿ.ಎಡ್. ಓದುವಾಗ ಅಮ್ಮ ಬಚ್ಚಲಲ್ಲಿ ಬಿದ್ದಳು. ಆಗ ನೋಡಿದ ಲೇಡಿ ಡಾಕ್ಟರು ಸಾಬರಂತೆಯೇ ಕುಳಿತು ಕೇಳಿದರು. ಯಾವ ಹೊತ್ತಿನಲ್ಲಿ? ಎಷ್ಟು ಹೊತ್ತು ನಿಂತ ಮೇಲೆ? ಏನು ತಿಂದಿದ್ದಿರಿ? ತಿಂಗಳ ಸ್ರಾವ ಎಷ್ಟು ದಿನ? ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 6 ಎಂದು ಬಂತು. ಹೆಂಗಸರಿಗೆ 12 ಇರಬೇಕು. ಬೀದಿಗೆಲ್ಲ ಅವಲಕ್ಕಿ ಕೊಟ್ಟ ಭಾನುವಾರಗಳಲ್ಲಿ ಅವಳು ಮಧ್ಯಾಹ್ನದವರೆಗೆ ಬರೀ ಕಾಫಿಯಲ್ಲೇ ಇರುತ್ತಿದ್ದಳೆಂಬುದು ನನಗೆ ಅಂದು ತಿಳಿಯಿತು. ಕಬ್ಬಿಣದ ಮಾತ್ರೆ, ಹೊತ್ತಿಗೆ ಸರಿಯಾಗಿ ಊಟ. ಕೆಲವು ತಿಂಗಳಲ್ಲಿ ತಲೆಸುತ್ತು ನಿಂತಿತು. ‘ಮೊದಲೇ ಯಾಕೆ ಹೇಳಲಿಲ್ಲಮ್ಮಾ?’ ಎಂದರೆ, ‘ಬಂದು ಹೋಗೋದನ್ನ ಏನಂತ ಹೇಳೋದು’ ಎಂದಳು.

ಸೆಟ್ಟು ಗುಜರಿಗೆ ಹೋಗಿ ಎಷ್ಟೋ ವರ್ಷಗಳಾದವು. ಅಮ್ಮನೂ ಈಗಿಲ್ಲ. ನಾನಿನ್ನೂ ಹಾಲಿನ ಲೆಕ್ಕವನ್ನು ಕ್ಯಾಲೆಂಡರಿನಲ್ಲೇ ಬರೆಯುತ್ತೇನೆ. ಮಂಡಿನೋವು ಬಂದ ದಿನ, ನಿದ್ದೆ ಬಾರದ ರಾತ್ರಿಗಳನ್ನೂ ಅದರ ಪಕ್ಕದಲ್ಲೇ ಗುರುತು ಹಾಕುತ್ತೇನೆ. ನೀವೂ ಹಾಕಿ. ಪೆನ್ಸಿಲಿನಲ್ಲಾದರೂ ಸಾಕು.