ಕಿವಿಗಾಗಿ ಆಡಿದ ಆಟಗಳು

ಹೋದ ತಿಂಗಳು ಒಂದು ಭಾನುವಾರ ನಾವು ಆರು ಜನ ಸೇರಿ ಒಂದು ಘನಕಾರ್ಯ ಮಾಡಿದೆವು. ಮೇಜಿನ ನಡುವೆ ಫೋನ್ ಇಟ್ಟು, ರೆಕಾರ್ಡಿಂಗ್ ಒತ್ತಿ, ಎರಡೂವರೆ ಗಂಟೆ ಆಟ ಆಡಿದೆವು.

ನಮ್ಮದು ಬೆಂಗಳೂರಿನಲ್ಲಿ ವಾರಕ್ಕೊಮ್ಮೆ ಸೇರುವ ಪುಟ್ಟ ಬೋರ್ಡ್ ಗೇಮ್ ಗುಂಪು. ಚೌಕಾಬಾರದಿಂದ ಹಿಡಿದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ತನಕ ಏನು ಸಿಕ್ಕರೂ ಆಡ್ತೀವಿ. ಇನ್ನು ಸ್ವಲ್ಪ ದಿನಕ್ಕೆ ಆರರಲ್ಲಿ ಇಬ್ಬರು ಊರು ಬಿಡ್ತಾರೆ. ಒಬ್ಬ ಪುಣೆಗೆ, ಇನ್ನೊಬ್ಬಳು ಜರ್ಮನಿಗೆ. ಗುಂಪು ಚದುರಿ ಹೋಗೋಕೆ ಮುಂಚೆ ಕನ್ನಡದಲ್ಲೊಂದು ಪಾಡ್‌ಕಾಸ್ಟ್ ಶುರು ಮಾಡಿಬಿಡೋಣ, ಆಮೇಲೆ ಯಾರು ಎಲ್ಲಿದ್ದರೂ ಅದೇ ನೆಪದಲ್ಲಿ ಸೇರಬಹುದು ಅನ್ನೋದು ನಮ್ಮ ಲೆಕ್ಕಾಚಾರ.

ಮಾರನೇ ದಿನ ಬಸ್ಸಿನಲ್ಲಿ ಕೂತು ರೆಕಾರ್ಡಿಂಗ್ ಕೇಳಿದೆ. ಅಯ್ಯೋ ರಾಮ! ದಾಳ ಉರುಳುವ ಸದ್ದು, ಚಕ್ಕುಲಿ ಕಡಿಯುವ ಸದ್ದು, "ಹಾಂ... ಅಲ್ಲಲ್ಲ, ಅದು ನಂದು", ಆಮೇಲೆ ಮೂರು ನಿಮಿಷ ಮೌನ. ಆಡುವಾಗ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆವು. ಕೇಳುವಾಗ ಇಪ್ಪತ್ತನೇ ನಿಮಿಷಕ್ಕೆ ನಾನೇ ನಿದ್ದೆ ಹೋದೆ. ಇಳಿಯಬೇಕಾದ ಸ್ಟಾಪೂ ತಪ್ಪಿತು :)

ಹಾಗಾದರೆ ಬೇರೆಯವರು ಇದನ್ನು ಹೇಗೆ ಮಾಡಿದರು? ಆ ಪ್ರಶ್ನೆ ಹಿಡಿದು ಒಂದಿಷ್ಟು ಇತಿಹಾಸ ಕೆದಕಿದೆ. ಸಿಕ್ಕಿದ್ದನ್ನು ನಿಮ್ಮ ಮುಂದೆ ಇಡ್ತಿದ್ದೀನಿ.

ಪಾಡ್‌ಕಾಸ್ಟ್ ಅನ್ನೋ ಪದ ಅಚ್ಚಿನಲ್ಲಿ ಕಾಣಿಸಿದ್ದು ೨೦೦೪ರ ಫೆಬ್ರವರಿಯಲ್ಲಿ. ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆಗೆ ಬರೆಯುತ್ತಿದ್ದ ಬೆನ್ ಹ್ಯಾಮರ್ಸ್ಲಿ, ಈ ಹೊಸ ಬಗೆಯ ಬಾನುಲಿಗೆ ಏನಂತ ಹೆಸರಿಡೋಣ ಎಂದು ಯೋಚಿಸುತ್ತಾ ಮುಂದಿಟ್ಟ ಹೆಸರುಗಳಲ್ಲಿ ಅದೂ ಒಂದು. ಮರುವರ್ಷ, ೨೦೦೫ರಲ್ಲಿ, ಟಾಮ್ ವ್ಯಾಸಲ್ 'ದ ಡೈಸ್ ಟವರ್' ಶುರು ಮಾಡಿದರು. ಬೋರ್ಡ್ ಗೇಮ್‌ಗಳ ಬಗ್ಗೆ ಹರಟೆ, ಪಟ್ಟಿ, ವಿಮರ್ಶೆ ಅದರ ಹೂರಣ. ಇದು ಆಟದ ಬಗ್ಗೆ ಮಾತಾಡುವ ದಾರಿ. ಆದರೆ ಆಟವನ್ನೇ ಕೇಳಿಸೋದು ಇನ್ನೊಂದು ದಾರಿ, ಮತ್ತು ಅದರ ಬೇರು ಪಾಡ್‌ಕಾಸ್ಟಿಗಿಂತ ಹಳೆಯದು.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ ೧೯೭೪ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೊರತಂದರು. ಮೊದಲ ಮುದ್ರಣ ಒಂದು ಸಾವಿರ ಪ್ರತಿ. ಅಲ್ಲಿ ಆಟದ ಹಲಗೆಯೇ ಬೇಕಾಗಿಲ್ಲ. ಒಬ್ಬ ಸೂತ್ರಧಾರ "ನಿಮ್ಮ ಮುಂದೆ ಒಂದು ಗುಹೆ ಇದೆ, ಏನು ಮಾಡ್ತೀರಿ?" ಅಂತ ಕೇಳ್ತಾನೆ. ಉಳಿದವರು ತಂತಮ್ಮ ಪಾತ್ರದ ಪರವಾಗಿ ಉತ್ತರ ಹೇಳ್ತಾರೆ. ಗೆದ್ದಿರೋ ಬಿದ್ದಿರೋ ಅನ್ನೋದನ್ನು ದಾಳ ಹೇಳುತ್ತೆ. ಅಂದರೆ ಈ ಆಟದ ಮುಕ್ಕಾಲು ಪಾಲು ಬರೀ ಮಾತು.

ಆ ಮಾತನ್ನು ಹೊರಗಿನವರೂ ಸವಿಯಬಹುದು ಅಂತ ತೋರಿಸಿಕೊಟ್ಟವರಲ್ಲಿ ಜಪಾನಿನವರು ಮುಖ್ಯರು. ೧೯೮೬ರಲ್ಲಿ 'ಕಾಂಪ್‌ಟಿಕ್' ಎಂಬ ಪತ್ರಿಕೆ, ಒಂದು ಗೆಳೆಯರ ತಂಡ ಆಡಿದ ಆಟದ ಮಾತುಕತೆಯನ್ನು ಸಂಭಾಷಣೆಯ ರೂಪದಲ್ಲಿ ಧಾರಾವಾಹಿಯಾಗಿ ಅಚ್ಚುಹಾಕಲು ಶುರುಮಾಡಿತು. 'ರೀಪ್ಲೇ' ಅಂತ ಅದಕ್ಕೆ ಹೆಸರು. ಸೂತ್ರಧಾರ ರ್ಯೋ ಮಿಜುನೊ ಅದೇ ಕತೆಯನ್ನು ಮುಂದೆ 'ರೆಕಾರ್ಡ್ ಆಫ್ ಲೋಡಾಸ್ ವಾರ್' ಕಾದಂಬರಿಗಳಾಗಿ ಬರೆದರು. ಅದರಲ್ಲಿ ಡೀಡ್ಲಿಟ್ ಅನ್ನೋ ಚೆಲುವೆ ಬಹಳ ಜನಪ್ರಿಯ ಪಾತ್ರ. ಮೇಜಿನ ಸುತ್ತ ಆ ಪಾತ್ರ ಆಡಿದವರು ಹಿರೋಷಿ ಯಮಮೊಟೊ ಎಂಬ ಗಂಡಸು!

ಅಮೆರಿಕದಲ್ಲಿ ೨೦೦೮ರಲ್ಲಿ 'ಪೆನ್ನಿ ಆರ್ಕೇಡ್' ವ್ಯಂಗ್ಯಚಿತ್ರದ ಜೋಡಿ ಆಟದ ಹೊಸ ಆವೃತ್ತಿಯ ಪ್ರಚಾರಕ್ಕೆಂದು ತಾವು ಆಡಿದ್ದನ್ನು ಪಾಡ್‌ಕಾಸ್ಟ್ ಮಾಡಿತು. ಜೋಡಿಯಲ್ಲಿ ಒಬ್ಬರಾದ ಮೈಕ್ ಕ್ರಾಹುಲಿಕ್‌ಗೆ ಆ ಆಟ ತೀರಾ ಹೊಸತು. ಅದೇ ಅನುಕೂಲವಾಯಿತು. ಕೇಳುಗರಿಗೆ ಬರುವ ಅನುಮಾನವನ್ನು ಅವರೇ ಕೇಳಿಬಿಡುತ್ತಿದ್ದರು. ೨೦೧೪ರಲ್ಲಿ ಮೂವರು ಮೆಕೆಲ್ರಾಯ್ ಸಹೋದರರು ತಮ್ಮ ಅಪ್ಪನನ್ನೂ ಕೂರಿಸಿಕೊಂಡು 'ದ ಅಡ್ವೆಂಚರ್ ಜೋನ್' ಶುರುಮಾಡಿದರು. ಅಪ್ಪ ಕ್ಲಿಂಟ್ ರೇಡಿಯೋದಲ್ಲಿ ದುಡಿದವರು. ಅಪ್ಪ ನಿಯಮ ಮರೆಯೋದು, ಮಕ್ಕಳು ರೇಗಿಸೋದು, ಇದೇ ಅರ್ಧ ತಮಾಷೆ. ೨೦೧೫ರ ಮಾರ್ಚಿನಲ್ಲಿ ಪ್ರಸಾರ ಶುರುವಾದ 'ಕ್ರಿಟಿಕಲ್ ರೋಲ್' ಕಲಾವಿದರೆಲ್ಲ ವೃತ್ತಿಯಿಂದ ಕಂಠದಾನ ಕಲಾವಿದರು. ಆದರೆ ಅವರೂ ಅದಕ್ಕೆ ಮುಂಚೆ ವರ್ಷಗಟ್ಟಲೆ ಮನೆಯಲ್ಲಿ ಸುಮ್ಮನೆ ಖುಷಿಗೆ ಆಡಿಕೊಂಡಿದ್ದವರು. ೨೦೧೯ರಲ್ಲಿ ತಮ್ಮ ಕತೆಯ ಒಂದು ಅನಿಮೇಷನ್‌ಗೆ ಏಳೂವರೆ ಲಕ್ಷ ಡಾಲರ್ ಕೇಳಿದರೆ, ಅಭಿಮಾನಿಗಳು ಒಂದು ಕೋಟಿ ಹದಿಮೂರು ಲಕ್ಷಕ್ಕೂ ಹೆಚ್ಚು ಕೊಟ್ಟರು.

ಇದನ್ನೆಲ್ಲ ಗುಂಪಿನಲ್ಲಿ ವರದಿ ಒಪ್ಪಿಸುತ್ತಿದ್ದೆ. ಪುತ್ತೂರು ಕಡೆಯ ಗೆಳೆಯ ನಡುವೆ ಬಾಯಿ ಹಾಕಿದ. "ಮಾರಾಯ, ಇದು ತಾಳಮದ್ದಳೆ ಅಲ್ವಾ?"

ಒಂದು ಕ್ಷಣ ಎಲ್ಲರೂ ಸುಮ್ಮನಾದೆವು. ಹೌದಲ್ವಾ! ವೇಷ ಇಲ್ಲ, ಕುಣಿತ ಇಲ್ಲ, ರಂಗಸಜ್ಜಿಕೆ ಇಲ್ಲ. ನಾಲ್ಕಾರು ಜನ ಅರ್ಥಧಾರಿಗಳು ಎದುರುಬದುರು ಕೂತು ಮಾತಾಡ್ತಾರೆ. ಭಾಗವತರ ಪದ್ಯ ಮೊದಲೇ ಗೊತ್ತಿರುವಂಥದ್ದು, ಅದರ ಮೇಲಿನ ಮಾತು ಮಾತ್ರ ಅಲ್ಲೇ, ಆ ಗಳಿಗೆಯಲ್ಲೇ ಹುಟ್ಟುವಂಥದ್ದು. ನಮ್ಮ ಆಟದಲ್ಲೂ ನಿಯಮ ಪುಸ್ತಕದಲ್ಲಿದೆ, ಮಾತು ನಮ್ಮದು. ಡೀಡ್ಲಿಟ್ ಕತೆಗೆ ನಾವು ಬಾಯಿ ಬಿಟ್ಟಿದ್ದೆವಲ್ಲ, ಇಲ್ಲಿ ದ್ರೌಪದಿಯ ಅರ್ಥವನ್ನು ಪಂಚೆ ಉಟ್ಟ ಗಂಡಸರು ಹೇಳಿಕೊಂಡು ಬಂದು ಅದೆಷ್ಟು ಕಾಲವಾಯಿತು! ಮಂಗಳೂರು ಆಕಾಶವಾಣಿಯಲ್ಲಿ, ಆಮೇಲೆ ಕ್ಯಾಸೆಟ್ಟುಗಳಲ್ಲಿ, ಶೇಣಿ ಗೋಪಾಲಕೃಷ್ಣ ಭಟ್ಟರ ಮಾತನ್ನು ಜನ ಬರೀ ಕಿವಿಯಲ್ಲೇ ಕೇಳಿ ಮೆಚ್ಚಿದ್ದಾರೆ.

ಗೆಳೆಯ ಇನ್ನೂ ಒಂದು ಮಾತು ಹೇಳಿದ. "ವಾಲಿ ಸಾಯ್ತಾನೆ ಅಂತ ಎಲ್ಲರಿಗೂ ಗೊತ್ತುಂಟು. ಆದ್ರೂ ನನ್ನ ಅಪ್ಪ ರಾತ್ರಿಯಿಡೀ ಕೂರುವುದು, ಬಾಣ ಬಿದ್ದ ಮೇಲೆ ವಾಲಿ ರಾಮನ ಹತ್ರ ಏನು ಕೇಳ್ತಾನೆ ಅಂತ ಕೇಳ್ಲಿಕ್ಕೆ."

ನಮ್ಮ ರೆಕಾರ್ಡಿಂಗ್ ಯಾಕೆ ಸತ್ತುಹೋಗಿತ್ತು ಅಂತ ಆಗ ಹೊಳೆಯಿತು. ನಾವು ಯಾರು ಗೆಲ್ತಾರೆ ಅನ್ನೋದನ್ನಷ್ಟೇ ಹಿಡಿದುಕೊಂಡು ಕೂತಿದ್ದೆವು. ಕಣ್ಣಿಗೆ ಕಾಣುವ ಆಟಕ್ಕೆ ಅದು ಸಾಕು. ಬಸ್ಸಿನಲ್ಲಿ ಕೂತವನಿಗೆ ನಮ್ಮ ಕಾಯಿ ಎಲ್ಲಿದೆ ಅಂತಲೇ ಗೊತ್ತಿಲ್ಲ. ಕಾಯಿ ನಡೆಸೋಕೆ ಮುಂಚೆ ನಮಗಾದ ಆಸೆ, ಭಯ, ಗೆಳೆಯನಿಗೆ ಕೈಕೊಡೋಕೆ ಹೊರಟಾಗಿನ ಸಂಕಟ, ಇವನ್ನು ನಾವು ಬಾಯಿಬಿಟ್ಟು ಹೇಳಿರಲೇ ಇಲ್ಲ.

ಹಾಗೆ ನೋಡಿದರೆ ನಮ್ಮ ಚೌಕಾಬಾರ ಮೊದಲಿಂದಲೂ ಬಾಯಿಬಿಟ್ಟು ಆಡುವ ಆಟ. ನಾಲ್ಕು ಕವಡೆ ಎಸೆದ ಕೂಡಲೇ "ಚೌಕ!", "ಬಾರ!" ಅಂತ ಕೂಗ್ತೀವಿ. ನಾಲ್ಕು ಬಿದ್ದರೆ ಚೌಕ, ಎಂಟು ಬಿದ್ದರೆ ಬಾರ. ಎದುರಾಳಿಯ ಕಾಯಿ ಕಡೀತೀವಿ, ನಮ್ಮ ಕಾಯಿ ನಡುಮನೆ ಸೇರಿದರೆ ಹಣ್ಣಾಯ್ತು ಅಂತೀವಿ. ಅಜ್ಜಿ ಅಡುಗೆಮನೆಯಿಂದಲೇ ಯಾರ ಆಟ ಎಲ್ಲಿಗೆ ಬಂತು ಅಂತ ಹೇಳ್ತಿದ್ದರು. ಇಂಥ ಆಟಗಳ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರಿಗೂ ಬಹಳ ಆಸ್ಥೆ. ೧೮೩೧ರಲ್ಲಿ ಬ್ರಿಟಿಷರು ಅವರ ಕೈಯಿಂದ ಆಡಳಿತ ಕಿತ್ತುಕೊಂಡರು. 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯನ್ನು ಅವರು ಆಟಗಳಿಗೇ ಮೀಸಲಿಟ್ಟರು.

ಅಂತೂ ನಮ್ಮ ಯೋಜನೆ ಹೀಗೆ ತಯಾರಾಗಿದೆ. ಒಂದು ಕಂತು ನಲವತ್ತು ನಿಮಿಷ. ಎರಡೂವರೆ ಗಂಟೆ ಆಡಿ, ಜಪಾನಿನವರ ಹಾಗೆ ಕತ್ತರಿ ಹಾಕೋದು. ಪುತ್ತೂರಿನವನೇ ಭಾಗವತ, ಅಂದರೆ ಸೂತ್ರಧಾರ. ದಾಳ ಬಿದ್ದ ತಕ್ಷಣ ಸಂಖ್ಯೆಯನ್ನು ಗಟ್ಟಿಯಾಗಿ ಕೂಗಬೇಕು. ಪ್ರತಿ ಸಲ ಆಟ ಗೊತ್ತಿಲ್ಲದ ಒಬ್ಬರನ್ನು ಕರೆಯಬೇಕು. ಕೊನೆಯ ಐದು ನಿಮಿಷ ಒಂದು ಊರಿನ ಆಟದ ಕತೆ. ಮತ್ತೆ, ಚಕ್ಕುಲಿ ರೆಕಾರ್ಡಿಂಗ್ ಮುಗಿದ ಮೇಲೆ ಮಾತ್ರ :)

ಮೊದಲ ಕಂತಿನ ಅತಿಥಿ ನಮ್ಮಮ್ಮ. ಅಜ್ಜಿ ಹಾಕ್ತಿದ್ದ ಲೆಕ್ಕ, ಬೈಗುಳ ಎಲ್ಲ ಅವರಿಗೆ ನೆನಪಿದೆ. ಅಜ್ಜಿಯ ದನಿ ಮಾತ್ರ ನಮ್ಮ ಯಾರ ಹತ್ತಿರವೂ ಇಲ್ಲ, ಯಾರೂ ಹಿಡಿದಿಟ್ಟುಕೊಳ್ಳಲಿಲ್ಲ. ಅದಕ್ಕೇ ಈ ಸಲ ಮುಂದಕ್ಕೆ ಹಾಕುತ್ತಾ ಕೂರೋದು ಬೇಡ ಅಂತ ತೀರ್ಮಾನಿಸಿದ್ದೀವಿ. ಜರ್ಮನಿಯವಳ ಟಿಕೆಟ್ ಬುಕ್ ಆಗಿದೆ. ನಮಗಿರೋದು ಏಳು ಭಾನುವಾರ.

ಅಂದ ಹಾಗೆ, ನಿಮ್ಮ ಮನೆಯಲ್ಲಿ ಕವಡೆ ಆಡುವಾಗ ಏನೇನು ಕೂಗ್ತಿದ್ದರು? ನೆನಪಿದ್ದರೆ ಹೇಳಿ, ಅಮ್ಮನ ಪಟ್ಟಿಗೆ ಸೇರಿಸಿಕೊಳ್ತೀನಿ.