ಏಕಾಂತ ಭೋಜನ

ಮನೆಯಲ್ಲಿ ತಮ್ಮ ಹೊರತು ಮತ್ತಾರೂ ಇಲ್ಲದ ದಿನ ಏನನ್ನು ಉಣ್ಣುವಿರೆಂದು ಕೇಳಿದರೆ, ಜನರು ಮೊದಲು ನಕ್ಕು, ಅನಂತರ ಕೊಂಚ ಸಂಕೋಚದಿಂದಲೇ ಉತ್ತರ ಕೊಡುವರು. ಕೆಲವು ಕಾಲದಿಂದ ಈ ಪ್ರಶ್ನೆಯನ್ನು ಪರಿಚಿತರಲ್ಲಿ ಕೇಳುತ್ತ ಬರುವುದು ನನಗೊಂದು ಚಾಳಿಯಾಗಿದೆ. ನಿವೃತ್ತರಾದ ಉಪಾಧ್ಯಾಯರೊಬ್ಬರು, ರಾತ್ರಿಯ ಅನ್ನಕ್ಕೆ ಮಜ್ಜಿಗೆ ಹೊಯ್ದುಕೊಂಡು ಉಪ್ಪಿನೊಡನೆ ಹಸಿಮೆಣಸಿನಕಾಯಿಯನ್ನು ಕಚ್ಚಿಕೊಳ್ಳುವುದಾಗಿ ಹೇಳಿದರು. ದೊಡ್ಡ ವಕೀಲರೊಬ್ಬರಿಗೆ ಸಾರಿನ ಪಾತ್ರೆಯ ತಳದಲ್ಲಿ ನಿಂತ ಗಷ್ಟೇ ಪಂಚಭಕ್ಷ್ಯವಂತೆ. ವಿಜಯಪುರದ ಕಡೆಯ ಮಿತ್ರರು ಕಟಕರೊಟ್ಟಿ, ಶೇಂಗಾ ಹಿಂಡಿ, ಮುಷ್ಟಿಯಿಂದ ಗುದ್ದಿ ಒಡೆದ ಉಳ್ಳಾಗಡ್ಡಿಗಳ ಹೆಸರನ್ನು ಹೇಳುವಾಗಲೇ ಬಾಯಿ ಚಪ್ಪರಿಸಿದರು. ಕರಾವಳಿಯವರು ಕುಚ್ಚಲಕ್ಕಿಯ ಗಂಜಿಗೆ ಮಿಡಿ ಉಪ್ಪಿನಕಾಯಿ ಎಂದರು. ಹೋಳಿಗೆ ಎಂದವರಾಗಲಿ ಚಿರೋಟಿ ಎಂದವರಾಗಲಿ ಒಬ್ಬರೂ ಇಲ್ಲ. ಯಾರ ಹಂಗೂ ಇಲ್ಲದೆ, ಯಾರ ಕಣ್ಣೂ ಬೀಳದೆ ಉಣ್ಣುವ ದಿನ ಮನುಷ್ಯನು ಇಷ್ಟು ಬಡವನ ಊಟವನ್ನೇ ಏಕೆ ಬಯಸುತ್ತಾನೆಂಬ ಕುತೂಹಲದಿಂದ ನಾನು ಹಳೆಯ ಗ್ರಂಥಗಳ ಕಡೆಗೆ ತಿರುಗಿದೆನು.

ಗ್ರಂಥಗಳೇನೋ ನಮ್ಮಲ್ಲಿ ಹೇರಳವಾಗಿಯೇ ಇವೆ. ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಕ್ರಿ. ಶ. 1025ರಲ್ಲಿ, ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಬಾವಿ ತೋಡುವುದು, ದನಗಳ ಚಿಕಿತ್ಸೆ, ಗಂಧದ್ರವ್ಯಗಳು ಇವುಗಳ ಜೊತೆಗೆ ಅಡಿಗೆಯ ವಿಚಾರವೂ ಬಂದಿದೆ. ಅದೇ ವಂಶದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗವೆಂಬ ಪ್ರಕರಣವೇ ಇದ್ದು, ದೋಸೆ ಇಡ್ಡಲಿಗೆಗಳ ಪೂರ್ವಜರು ಅಲ್ಲಿ ಸಂಸ್ಕೃತ ವೇಷದಲ್ಲಿ ಕಾಣಿಸಿಕೊಳ್ಳುತ್ತಾರೆ. 16ನೆಯ ಶತಮಾನದ ಆದಿಯಲ್ಲಿ ಕಲ್ಲಹಳ್ಳಿಯ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿಯೇ ಹಾಡಿಬಿಟ್ಟನು, ಬದನೆಕಾಯಿಗೆ ಅವನು ಸಲ್ಲಿಸಿದ ಗೌರವವನ್ನು ಬೇರೆ ಯಾವ ಕವಿಯೂ ಸಲ್ಲಿಸಿದಂತಿಲ್ಲ. ಆದರೆ ಈ ಪುಸ್ತಕಗಳೆಲ್ಲ ಬಡಿಸುವ ಅಡಿಗೆಯ ಪುಸ್ತಕಗಳು. ಒಬ್ಬನು ಮಾಡುವನು, ಮತ್ತೊಬ್ಬನು ಎಲೆಯ ಮುಂದೆ ಕುಳಿತಿರುವನು. ‘ವಡ್ಡಾರಾಧನೆ’ಯಲ್ಲಿ ಇಡ್ಡಲಿಗೆಯ ಹೆಸರು ಬರುವುದು ಕೂಡ ಮನೆಗೆ ಬಂದ ಬ್ರಹ್ಮಚಾರಿಯನ್ನು ಉಪಚರಿಸುವ ಸಂದರ್ಭದಲ್ಲಿಯೇ.

ಶಾಸನಗಳ ಮಾತೂ ಹಾಗೆಯೇ. 945ರ ಸಾಲೊಟಗಿಯ ಶಾಸನದಿಂದ ಅಲ್ಲಿನ ವಿದ್ಯಾರ್ಥಿಗಳಿಗೆ 27 ವಸತಿಗಳಿದ್ದುದು ತಿಳಿದುಬರುತ್ತದೆ. 1058ರ ನಾಗಾವಿಯ ಶಾಸನವು ವೇದ ಕಲಿಯುವ 200 ಮಂದಿಗೂ ಶಾಸ್ತ್ರ ಕಲಿಯುವ 50 ಮಂದಿಗೂ ಅನ್ನದ ಏರ್ಪಾಡನ್ನು ಹೇಳುತ್ತದೆ. ಪಂಕ್ತಿಯಲ್ಲಿ ಕುಳಿತವನ ಊಟಕ್ಕೆ ಕಲ್ಲಿನ ಸಾಕ್ಷ್ಯವಿದೆ. ಒಬ್ಬನೇ ಉಂಡವನಿಗೆ ಅದಿಲ್ಲ.

ಸ್ವದೇಶದವರು ಬರೆಯದುದನ್ನು ಪರದೇಶದವರು ಕಂಡು ಬರೆದಿರುವುದು ವಿನೋದವಾಗಿದೆ. ಕ್ರಿ. ಪೂ. 300ರ ಸುಮಾರಿಗೆ ಪಾಟಲಿಪುತ್ರದ ಮೌರ್ಯ ಚಂದ್ರಗುಪ್ತನ ಆಸ್ಥಾನಕ್ಕೆ ಬಂದಿದ್ದ ಯವನ ರಾಯಭಾರಿ ಮೆಗಾಸ್ತನೀಸನ ಗ್ರಂಥವು ಕಳೆದುಹೋಗಿದೆ. ಸ್ಟ್ರಾಬೋ ಮೊದಲಾದವರು ಅದರಿಂದ ಎತ್ತಿಕೊಂಡ ಭಾಗಗಳು ಮಾತ್ರ ಉಳಿದಿವೆ. ಈ ದೇಶದ ಜನರು ಯಾವಾಗಲೂ ಒಬ್ಬೊಬ್ಬರಾಗಿಯೇ ಉಣ್ಣುವರೆಂದೂ, ಎಲ್ಲರೂ ಕೂಡಿ ಉಣ್ಣುವ ಗೊತ್ತಾದ ಹೊತ್ತು ಇವರಲ್ಲಿಲ್ಲವೆಂದೂ, ಇದಕ್ಕೆ ವಿಪರೀತವಾದ ಪದ್ಧತಿಯೇ ಸಮಾಜಕ್ಕೆ ಹಿತವೆಂದೂ ಅವನು ಆಕ್ಷೇಪಿಸಿದ್ದಾನೆ. ಸ್ಪಾರ್ಟಾ ಕ್ರೀಟುಗಳಲ್ಲಿ ಪೌರರು ಸಹಭೋಜನ ಮಾಡುತ್ತಿದ್ದ ನಾಡಿನವನಿಗೆ ಇದು ದೋಷವಾಗಿ ತೋರಿದುದು ಸಹಜವೇ. ಪ್ರತಿಯೊಬ್ಬನ ಮುಂದೆಯೂ ಮುಕ್ಕಾಲಿಯಂಥ ಒಂದು ಪೀಠವನ್ನಿಟ್ಟು, ಅದರ ಮೇಲಿನ ಚಿನ್ನದ ಬಟ್ಟಲಿಗೆ ಮೊದಲು ಅನ್ನವನ್ನೂ ಆಮೇಲೆ ವ್ಯಂಜನಗಳನ್ನೂ ಹಾಕುತ್ತಿದ್ದರೆಂಬುದೂ ಅವನ ಮಾತೇ. ಆ ಮೇಲೆ ಸುಮಾರು 1,300 ವರ್ಷಗಳು ಕಳೆದು, 1030ರ ಸುಮಾರಿಗೆ ಬರೆದ ಅಲ್ಬೆರೂನಿಯೂ, ಹಿಂದೂಗಳು ಸಗಣಿ ಸಾರಿಸಿದ ನೆಲದ ಮೇಲೆ ಒಬ್ಬೊಬ್ಬರಾಗಿ ಉಣ್ಣುವರೆಂದೇ ಗುರುತು ಮಾಡಿಕೊಂಡಿದ್ದಾನೆ. ಇನ್ನು ನಮ್ಮ ನಾಡಿಗೇ ಬಂದರೆ, ಅಚ್ಯುತರಾಯನ ಕಾಲದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜನ ಬರವಣಿಗೆಯಿದೆ. ರಾಯನು ಉಣ್ಣುವ ಹೊತ್ತಿಗೆ ಎಲ್ಲರೂ ದೂರ ಸರಿಯುತ್ತಿದ್ದರು. ಊಳಿಗದ ಹೆಂಗಸರು ಬಂದು ಮೂರು ಕಾಲಿನ, ದುಂಡನೆಯ, ಚಿನ್ನದ ಪೀಠವನ್ನಿಟ್ಟು ಅದರ ಮೇಲೆ ಬಡಿಸುತ್ತಿದ್ದರು. ಪಾಟಲಿಪುತ್ರದ ಮುಕ್ಕಾಲಿಯು 1,800 ವರ್ಷಗಳನ್ನು ದಾಟಿ ಹಂಪೆಯಲ್ಲಿ ಬಂದು ನಿಂತಿತೋ ಏನೋ ಎನಿಸುವಷ್ಟು ಸಾಮ್ಯವಿದೆ. ಒಂದನ್ನು ನೋಡಿ ಇನ್ನೊಂದನ್ನು ಬರೆದುದಲ್ಲ. ಕುದುರೆ ಮಾರುವವನು ಯವನ ಗ್ರಂಥಗಳನ್ನು ಓದಿಕೊಂಡಿದ್ದನೆಂದು ನಾನು ನಂಬಲಾರೆ.

ಇಷ್ಟಾದರೂ ನಮ್ಮ ಧರ್ಮಗ್ರಂಥಗಳನ್ನು ತೆರೆದರೆ ಏಕಾಕಿಯಾಗಿ ಉಣ್ಣುವವನಿಗೆ ನಿಂದೆಯೇ ಕಾದಿದೆ. ಋಗ್ವೇದದ ಹತ್ತನೆಯ ಮಂಡಲದ 117ನೆಯ ಸೂಕ್ತವು ಅಂಥವನು ಪಾಪವನ್ನೂ ಒಬ್ಬನೇ ಉಣ್ಣುವನೆನ್ನುತ್ತದೆ. ತನಗಾಗಿಯೇ ಬೇಯಿಸಿಕೊಳ್ಳುವವನನ್ನು ಗೀತೆಯೂ ಮನುಸ್ಮೃತಿಯೂ ಒಂದೇ ಧ್ವನಿಯಿಂದ ಹಳಿದಿವೆ. ಒಂದಗುಳನ್ನು ಕಂಡರೂ ಬಳಗವನ್ನು ಕರೆಯುವ ಕಾಗೆಯನ್ನು ಬಸವಣ್ಣನವರು ನಮ್ಮ ಮುಂದೆ ತಂದಿಟ್ಟು ನಾಚಿಸಿದ್ದಾರೆ. ಹೀಗಿರುವಲ್ಲಿ ಯವನನೂ ಅರಬ್ಬೀ ಪಂಡಿತನೂ ಕಂಡುದೇನು? ಅವರು ಕಂಡುದು ಸುಳ್ಳಲ್ಲ. ಅವರಿಗೆ ಕಾಣಿಸಿದುದು ಬೇರೆ ಬೇರೆ ಎಲೆಗಳು. ಒಂದೇ ಹರಿವಾಣಕ್ಕೆ ಹತ್ತು ಕೈಗಳು ಹೋಗುವುದು ಅವರಿಗೆ ಸಹಭೋಜನವಾಗಿದ್ದರೆ, ಎಂಜಲಿನ ಭಯವುಳ್ಳ ನಮ್ಮಲ್ಲಿ ನೂರು ಮಂದಿ ಒಂದೇ ಸಾಲಿನಲ್ಲಿ ಕುಳಿತರೂ ಪ್ರತಿಯೊಬ್ಬನೂ ತನ್ನ ಎಲೆಯ ಮಟ್ಟಿಗೆ ಒಬ್ಬಂಟಿಗನೇ. ನಮ್ಮವರು ನಿಷೇಧಿಸಿದುದು ಹಂಚದೆ ಉಣ್ಣುವುದನ್ನು, ಪ್ರತ್ಯೇಕವಾಗಿ ಉಣ್ಣುವುದನ್ನಲ್ಲ.

ಆದರೆ ಈ ಸಮಾಧಾನದಿಂದ ಎಲ್ಲವೂ ತೀರಿದಂತಾಗಲಿಲ್ಲ. ನಮ್ಮ ಮನೆಗಳಲ್ಲಿ ನಿಜವಾಗಿಯೂ, ದಿನದಿನವೂ, ಒಬ್ಬರೇ ಕುಳಿತು ಉಣ್ಣುತ್ತಿದ್ದವರು ಒಬ್ಬರಿದ್ದರು. ಯವನನು ಅವರನ್ನು ಕಾಣಲಿಲ್ಲ, ಕಾಣುವಂತೆಯೂ ಇರಲಿಲ್ಲ.

ಮನುವಿನ ಮೂರನೆಯ ಅಧ್ಯಾಯದಲ್ಲಿ ಊಟದ ಸರದಿಯನ್ನು ಕ್ರಮವಾಗಿ ಹೇಳಿದೆ. ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು, ಕನ್ಯೆಯರು, ರೋಗಿಗಳು, ಗರ್ಭಿಣಿಯರು ಇವರಿಗೆ ಅತಿಥಿಗಿಂತಲೂ ಮೊದಲೇ, ಹಿಂದುಮುಂದು ನೋಡದೆ ಬಡಿಸಬೇಕು. ಅತಿಥಿಗಳೂ ಬಂಧುಗಳೂ ಆಳುಗಳೂ ಉಂಡಾದ ಮೇಲೆ ಉಳಿದುದನ್ನು ಗಂಡಹೆಂಡಿರು ಉಣ್ಣಬೇಕು. ವಾಚಕರು ಇದನ್ನು ಗಮನಿಸಬೇಕಾಗಿ ಪ್ರಾರ್ಥನೆ: ಉಳಿದುದನ್ನು ಉಣ್ಣಬೇಕಾದವಳು ಹೆಂಡತಿಯೊಬ್ಬಳೇ ಅಲ್ಲ, ಯಜಮಾನನೂ ಹೌದು. ಆದರೆ ಅದೇ ಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿ, ಹೆಂಡತಿಯ ಜೊತೆಗೆ ಉಣ್ಣಬಾರದು, ಅವಳು ಉಣ್ಣುವುದನ್ನು ನೋಡಲೂಬಾರದು ಎಂದಿದೆ. ಎರಡು ವಿಧಿಗಳಲ್ಲಿ ಯಾವುದು ಅನುಕೂಲವೋ ಅದನ್ನು ನಮ್ಮ ಗೃಹಸ್ಥರು ಆರಿಸಿಕೊಂಡರು. ಯಜಮಾನನು ಪಂಕ್ತಿಯ ಮೊದಲಿಗೆ ಹೋಗಿ ಕುಳಿತನು. ಉಳಿದುದು ಹೆಂಡತಿಯ ಪಾಲಾಯಿತು.

ಆ ‘ಉಳಿದುದು’ ಏನೆಂಬುದಕ್ಕೆ ನನಗೆ ದೊರೆತ ಅತ್ಯಂತ ಹಳೆಯ ಸಾಕ್ಷ್ಯವು ದ್ರೌಪದಿಯ ಅಕ್ಷಯಪಾತ್ರೆಯ ಕಥೆ. ದ್ರೌಪದಿಯು ಉಣ್ಣುವವರೆಗೂ ಆ ಪಾತ್ರೆಯಲ್ಲಿ ಅನ್ನ ಮುಗಿಯದು. ಅವಳು ಉಂಡ ಮೇಲೆ ಅಂದಿಗೆ ಮುಗಿಯಿತು. ದೂರ್ವಾಸರು ಶಿಷ್ಯರೊಡನೆ ಬಂದ ದಿನ ಅವಳ ಊಟವಾಗಿಹೋಗಿತ್ತು. ಕೃಷ್ಣನು ಪಾತ್ರೆಯನ್ನು ತರಿಸಿ ನೋಡಿದಾಗ ಅದರ ಕಂಠದಲ್ಲಿ ಅಂಟಿಕೊಂಡಿದ್ದುದು ಒಂದಿಷ್ಟು ಸೊಪ್ಪು, ಒಂದಿಷ್ಟು ಅನ್ನ. ಭಕ್ತರು ಈ ಕಥೆಯಲ್ಲಿ ಕೃಷ್ಣನ ಮಹಿಮೆಯನ್ನು ಕಾಣುವರು. ನಾನು ಅಷ್ಟನ್ನು ಅವರಿಗೇ ಬಿಟ್ಟು, ಐವರು ಗಂಡಂದಿರನ್ನೂ ಅತಿಥಿಗಳನ್ನೂ ತೃಪ್ತಿಪಡಿಸಿದ ಬಳಿಕ ಅರಣ್ಯದಲ್ಲಿ ಪಟ್ಟದ ರಾಣಿಯೊಬ್ಬಳು ಒಬ್ಬಳೇ ಕುಳಿತು ಸೊಪ್ಪನ್ನವನ್ನು ಉಂಡಳೆಂಬುದನ್ನು ಮಾತ್ರ ಬರೆದುಕೊಂಡೆನು.

ಸೊಪ್ಪು, ಅನ್ನ, ಪಾತ್ರೆಯ ಅಂಚು. ಮೊದಲು ಹೇಳಿದ ವಕೀಲರ ಗಷ್ಟಿಗೂ ಇದಕ್ಕೂ ಎಷ್ಟು ದೂರ? ಇಂದು ಗಂಡಸರು ಏಕಾಂತದ ಸವಿಯೆಂದು ಹೇಳಿಕೊಳ್ಳುವ ತಿನಿಸುಗಳಲ್ಲಿ ಬಹುಪಾಲು, ಕಡೆಯಲ್ಲಿ ಉಣ್ಣುವವರ ಊಟದಿಂದ ಬಂದುವೇ ಆಗಿವೆ. ಹಳಸಿದ ಅನ್ನವನ್ನು ಸ್ಮೃತಿಯು ನಿಷೇಧಿಸಿದರೂ ಮೊಸರಿನಿಂದಾದುದಕ್ಕೂ ಜಿಡ್ಡು ಕೂಡಿದುದಕ್ಕೂ ವಿನಾಯಿತಿ ಕೊಟ್ಟಿತು. ಆ ಕಿಂಡಿಯ ಮೂಲಕ ತಂಗಳೂ ಮಡಿಯ ಮನೆಯನ್ನು ಹೊಕ್ಕಿತು. ಒಕ್ಕಲು ಮನೆಗಳಲ್ಲಿ ಇಂಥ ಕಿಂಡಿಯ ಅವಶ್ಯಕತೆಯೇ ಇರಲಿಲ್ಲ. ರಾತ್ರಿಯ ಮುದ್ದೆಯನ್ನು ಬೆಳಿಗ್ಗೆ ಮಜ್ಜಿಗೆಯಲ್ಲಿ ಕಿವುಚಿಕೊಂಡು ಕುಡಿದು ಹೊಲಕ್ಕೆ ಹೋದವರಿಗೆ ಶಾಸ್ತ್ರ ಕೇಳಲು ಬಿಡುವೂ ಇರಲಿಲ್ಲ. ಉಪಾಧ್ಯಾಯರ ಹಸಿಮೆಣಸಿನಕಾಯಿ ಮಾತ್ರ ಹೊಸಬ. ಅಮೆರಿಕಾ ಖಂಡದಿಂದ ಪೋರ್ಚುಗೀಸರ ಮೂಲಕ 16ನೆಯ ಶತಮಾನದಲ್ಲಿ ಈ ಕಡೆಗೆ ಬಂದುದು. ಲೋಕೋಪಕಾರದ ಕಾಲದವರಿಗೆ ಖಾರವೆಂದರೆ ಕಾಳುಮೆಣಸು, ಶುಂಠಿ, ಹಿಪ್ಪಲಿ. ವಿಜಯಪುರದವರ ಶೇಂಗಾ ಕೂಡ ಅದೇ ಖಂಡದ ನೆಂಟ. ಕಾಳುಮೆಣಸು ಹಡಗು ಹತ್ತುವ ಸರಕು. ಮೆಣಸಿನ ಗಿಡವಾದರೋ ಹಿತ್ತಲಲ್ಲಿ ಪಾತ್ರೆ ತೊಳೆದ ನೀರಿಗೂ ಬೆಳೆಯುವುದು. ಎಲೆಯ ಮೇಲೆ ಬೇರೇನೂ ಉಳಿಯದವರಿಗೆ ಅದು ನೆರವಾದುದರಲ್ಲಿ ಆಶ್ಚರ್ಯವಿಲ್ಲ.

ಇಲ್ಲಿಗೆ ಲೇಖನವನ್ನು ನಿಲ್ಲಿಸಬಹುದಾಗಿತ್ತು. ಆದರೆ ನನ್ನ ಕಣ್ಣಾರೆ ಕಂಡುದೊಂದು ಈ ವಾದಕ್ಕೆ ಪೂರಾ ಹೊಂದಿಕೊಳ್ಳುವುದಿಲ್ಲವಾದ್ದರಿಂದ, ಅದನ್ನು ಮುಚ್ಚಿಡುವುದು ಸರಿಯಲ್ಲ.

ನಮ್ಮ ಸೋದರತ್ತೆಯವರು ಎಳೆಯ ವಯಸ್ಸಿನಲ್ಲಿಯೇ ವಿಧವೆಯಾಗಿ ತೌರಿಗೆ ಬಂದವರು. ಹದಿನೈದು ಇಪ್ಪತ್ತು ಎಲೆಗಳ ಮನೆ, ಒಲೆ ಅವರದು. ಅವರಿಗೆ ಒಪ್ಪತ್ತಿನ ಊಟ. ರಾತ್ರಿ ಒಂದು ಹಿಡಿ ಅವಲಕ್ಕಿಯೋ ಅರಳೋ ಅಷ್ಟೇ. ಆ ಒಂದು ಊಟವೂ ಎಲ್ಲರದೂ ಆಗಿ, ಗೋಮಯ ಹಚ್ಚಿ, ಪಾತ್ರೆಗಳು ಹಿತ್ತಲಿಗೆ ಹೋದ ಮೇಲೆ, ಸುಮಾರು ಎರಡು ಗಂಟೆಗೆ. ಏಳೆಂಟು ವರ್ಷದ ಹುಡುಗನಾಗಿದ್ದ ನಾನು ಒಂದು ದಿನ ಅಡಿಗೆಮನೆಯ ಹೊಸ್ತಿಲಿಗೆ ಬಂದು ನಿಂತೆನು. ಗೊಜ್ಜು ಕುದಿಸಿದ ಬಾಣಲೆಯೊಂದು ಮಾತ್ರ ಹಿತ್ತಲಿಗೆ ಹೋಗದೆ ಒಲೆಯ ಬದಿಯಲ್ಲಿಯೇ ಇತ್ತು. ಅತ್ತೆಯವರು ಅದಕ್ಕೆ ಅನ್ನವನ್ನು ಹಾಕಿ, ಅಂಚಿಗೆ ಹತ್ತಿದ ಗೊಜ್ಜನ್ನೆಲ್ಲ ಒರೆಸಿ ಒರೆಸಿ ಕಲಸಿ, ಮುತ್ತುಗದ ಎಲೆಗೆ ಸುರಿದುಕೊಂಡರು. ಹುಣಿಸೆ ಬೆಲ್ಲಗಳು ಕಾದು ಕಪ್ಪಾದ ಆ ಪರಿಮಳ ಇಂದಿಗೂ ನನ್ನ ಮೂಗಿನಲ್ಲಿದೆ.

“ಅತ್ತೇ, ನನಗೂ” ಎಂದೆ.

“ನಿನ್ನ ಊಟ ಆಗಲಿಲ್ಲವೇನೋ ಮಗು? ಇದು ಎಲೆಗೆ ಬಡಿಸುವಂಥದ್ದಲ್ಲ” ಎಂದರು. ಆದರೂ, ತಾವು ಬಾಯಿಗಿಡುವ ಮೊದಲು ಒಂದು ತುತ್ತನ್ನು ಉಂಡೆ ಮಾಡಿ, ಮಡಿಯ ದೆಸೆಯಿಂದ ನನ್ನನ್ನು ಮುಟ್ಟದೆ, ಮೇಲಿನಿಂದ ಅಂಗೈಗೆ ಹಾಕಿದರು. ಹಬ್ಬದ ದಿನ ನಾನು ಅಂಥದನ್ನು ಉಂಡಿರಲಿಲ್ಲ.

ಆ ಮೇಲೆ ನಾನು ದಿನವೂ ಗಮನಿಸತೊಡಗಿದೆನು. ಪಂಕ್ತಿಗೆ ಬಡಿಸಲು ಗೊಜ್ಜನ್ನು ಬಾಣಲೆಯಿಂದ ತೋಡುವಾಗ ಅತ್ತೆಯವರ ಸೌಟು ಸುತ್ತಲೂ ಬಳಿಯುತ್ತ ಬಂದು, ಒಂದು ಅಂಚಿನಲ್ಲಿ ಸುಮಾರು ಎರಡು ಬೆರಳಿನಷ್ಟು ಅಗಲ ಬಿಟ್ಟೇ ಮೇಲಕ್ಕೇಳುತ್ತಿತ್ತು. ಒಂದು ದಿನವೂ ಅವರು ಅದನ್ನು ಪೂರಾ ಬಳಿದುದನ್ನು ನಾನು ಕಾಣೆ. ಕೈತಪ್ಪಿ ಉಳಿದುದಾದರೆ ದಿನಕ್ಕೊಂದು ಬಗೆಯಾಗಿರಬೇಕಾಗಿತ್ತು. ಬೇರೆ ಯಾವ ವಿಷಯದಲ್ಲಿಯೂ ಒಂದು ಕಾಳನ್ನು ವ್ಯರ್ಥಮಾಡದ ಕೈ ಅದು. ಉಳಿದುದನ್ನು ಉಣ್ಣಬೇಕೆಂಬ ವಿಧಿಯನ್ನು ಅವರು ಮೀರಲಿಲ್ಲ. ಏನು ಉಳಿಯಬೇಕೆಂಬುದನ್ನು ಮಾತ್ರ ಯಾರಿಗೂ ತಿಳಿಯದಂತೆ ತಾವೇ ಗೊತ್ತುಮಾಡಿಕೊಂಡಿದ್ದರು. ಹಾಗಾದರೆ ದ್ರೌಪದಿಯ ಪಾತ್ರೆಯ ಕಂಠದಲ್ಲಿದ್ದ ಸೊಪ್ಪು ಕೂಡ ಬರಿಯ ಉಳಿಕೆಯೇ ಆಗಿತ್ತೋ, ಅವಳು ತನಗಾಗಿ ಇರಿಸಿಕೊಂಡುದರ ಗುರುತೋ? ನ್ಯೂನಿಜನ ಚಿನ್ನದ ಪೀಠವನ್ನು ಹೊತ್ತು ತಂದ ಹೆಂಗಸರು ತಮ್ಮ ಕೋಣೆಗಳಿಗೆ ಹಿಂದಿರುಗಿ ಏನನ್ನು ಉಂಡರೋ ಎಂದು ನಾನು ಈಗ ಆಗಾಗ ಯೋಚಿಸುವುದುಂಟು.

ಕಾಲ ಬದಲಾಯಿತು. ನಲ್ಲಿ, ಗ್ಯಾಸಿನ ಒಲೆ, ಮೇಜು ಕುರ್ಚಿಗಳು ಬಂದು, ಗಂಡಹೆಂಡಿರು ಎದುರುಬದುರಾಗಿ ಕುಳಿತು ಉಣ್ಣುವುದು ಈಗ ಯಾರಿಗೂ ವಿಶೇಷವಾಗಿ ತೋರುವುದಿಲ್ಲ. ಮಕ್ಕಳು ದೂರದ ಊರುಗಳನ್ನು ಸೇರಿ, ಹಳೆಯ ಮನೆಗಳಲ್ಲಿ ಒಂದೇ ತಟ್ಟೆಯ ಸದ್ದು ಕೇಳಿಬರುತ್ತಿರುವುದೂ ಅಷ್ಟೇ ನಿಜ. ನಮ್ಮ ಮನೆಯೂ ಅಂಥವುಗಳಲ್ಲಿ ಒಂದಾಗಿ ಕೆಲವು ವರ್ಷಗಳಾದುವು. ವಾರಕ್ಕೊಂದು ದಿನ ನಾನು ಗೊಜ್ಜು ಕುದಿಸಿಕೊಳ್ಳುವೆನು. ಬಡಿಸಬೇಕಾದ ಪಂಕ್ತಿಯಿಲ್ಲ, ಗೊಜ್ಜೆಲ್ಲವೂ ನನ್ನದೇ. ಆದರೂ ಅದನ್ನು ಮೊದಲು ಬಟ್ಟಲಿಗೆ ತೋಡಿ, ಅಂಚಿನಲ್ಲಿ ಎರಡು ಬೆರಳಿನಷ್ಟನ್ನು ಬಿಟ್ಟು, ಬಾಣಲೆಗೆ ಬಿಸಿ ಅನ್ನವನ್ನು ಹಾಕಿ ಕಲಸುತ್ತೇನೆ. ಬಟ್ಟಲಿನದು ಮರುದಿನಕ್ಕೆ.